ಒಂದೂ ಇಪ್ಪತ್ತಕ್ಕೆ ನಿಂತ ಉಸಿರು

ಬೀದಿಯವರೆಲ್ಲ ಅವನನ್ನು ಮುಳ್ಳಣ್ಣ ಅಂತಲೇ ಕರೆಯುತ್ತಿದ್ದರು. ಯಾರು ಮೊದಲು ಕರೆದರೋ, ಯಾರು ಕೇಳಿ ನಕ್ಕರೋ, ಹೆಸರು ಮಾತ್ರ ಅಂಟಿಕೊಂಡು ಕೂತಿತು. ಗಡಿಯಾರ ರಿಪೇರಿ ಮಾಡುವವನು. ಬದುಕುವುದೂ ಗಡಿಯಾರದ ಮುಳ್ಳಿನ ಹಾಗೆಯೇ. ಬೆಳಿಗ್ಗೆ ಹತ್ತಕ್ಕೆ ಅಂಗಡಿಯ ಬಾಗಿಲು ಎತ್ತುತ್ತಾನೆ. ಮಧ್ಯಾಹ್ನ ಒಂದೂ ಐದಕ್ಕೆ ಊಟಕ್ಕೆ ಹೊರಡುತ್ತಾನೆ. ದಾರಿಯಲ್ಲಿ ಬ್ಯಾಂಕಿನ ಗಾಜಿನ ಮುಂದೆ ನಿಂತು, ಒಳಗಿನ ಗೋಡೆ ಗಡಿಯಾರವನ್ನೂ ತನ್ನ ಕೈಗಡಿಯಾರವನ್ನೂ ಹೋಲಿಸಿ ನೋಡಿ, ಇನ್ನೂ ನಾಲ್ಕು ನಿಮಿಷ ಹಿಂದೆಯೇ ಇದೆಯಲ್ಲ ಅಂತ ತಲೆ ಕೊಡವಿ ಮುಂದೆ ನಡೆಯುತ್ತಾನೆ. ಮೂವತ್ತೆಂಟು ಮೆಟ್ಟಿಲು ಹತ್ತಿ ಒಂದೂ ಇಪ್ಪತ್ತಕ್ಕೆ ಮನೆಯೊಳಗೆ ಇರುತ್ತಾನೆ. ನಾಲ್ಕಕ್ಕೆ ಮತ್ತೆ ಅಂಗಡಿ, ಎಂಟಕ್ಕೆ ಬೀಗ. ಮೂವತ್ತನಾಲ್ಕು ವರ್ಷ ಹೀಗೇ ಕಳೆದಿದ್ದವು.

ಅಂಗಡಿ ಅಂದರೆ ಅದೇನು ಮಹಾ ಅಂಗಡಿ ಅಲ್ಲ. ಇಬ್ಬರು ಒಳಗೆ ಬಂದರೆ ಮೂರನೆಯವನು ಬೀದಿಯಲ್ಲಿ ನಿಂತೇ ಮಾತಾಡಬೇಕು. ಎದೆಮಟ್ಟಕ್ಕೆ ಬರುವ ಎತ್ತರದ ಮೇಜು, ಬಗ್ಗಿಸಿದ ಕುತ್ತಿಗೆಯ ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ನಾಲ್ಕು ಚಿಮುಟ, ಗುಂಡು ಸೆಲ್ಲುಗಳು ತುಂಬಿದ ಒಂದು ಡ್ರಾಯರು. ಕೆಲಸಕ್ಕೆ ಕೂತನೆಂದರೆ ಎದೆಯನ್ನು ಮೇಜಿನ ಅಂಚಿಗೆ ಒತ್ತಿ, ಗಲ್ಲವನ್ನು ಮೇಜಿಗೆ ತಾಗಿಸಿಯೇಬಿಡುವಷ್ಟು ಬಗ್ಗುತ್ತಿದ್ದ. ದೂರದಿಂದ ನೋಡಿದವರಿಗೆ ಬೋರಲು ಮಲಗಿ ನಿದ್ದೆ ಹೊಡೆಯುತ್ತಿದ್ದಾನೆ ಅನ್ನಿಸಬೇಕು. ಇನ್ನು ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದನೋ, ಉಸಿರು ನಿಂತೇಹೋಗುತ್ತಿತ್ತು. ಕೆಲಸ ಕಲಿಸಿದ ಗುರು ಅವನ ಮೂಗಿನ ಕೆಳಗೆ ಒಂದು ಹತ್ತಿಯ ಎಳೆ ಅಂಟಿಸಿ, ಅದು ಅಲ್ಲಾಡಿದಾಗಲೆಲ್ಲ ತಲೆಗೊಂದು ಮೊಟಕಿ ಕಲಿಸಿದ್ದ ವಿದ್ಯೆ ಅದು. ಈಗ ಗುರುವೂ ಇಲ್ಲ, ಎಳೆಯೂ ಇಲ್ಲ. ಉಸಿರು ತಾನಾಗಿಯೇ ನಿಲ್ಲುತ್ತದೆ, ತಾನಾಗಿಯೇ ಹೊರಡುತ್ತದೆ. ಹಾಗಾಗುತ್ತದೆ ಅನ್ನುವುದೇ ಮುಳ್ಳಣ್ಣನಿಗೆ ಮರೆತುಹೋಗಿತ್ತು.

ಹೆಂಡತಿ ಇಪ್ಪತ್ತೆರಡು ವರ್ಷ ಹಾಸಿಗೆ ಹೊಲಿಯುವ ಕಾರ್ಖಾನೆಯಲ್ಲಿ ಹತ್ತಿ ತುಂಬಿದವಳು. ಬಾಯಿ ಜೋರು, ಮನಸ್ಸು ಅದಕ್ಕಿಂತ ಜೋರು. ಹತ್ತಿಯ ಧೂಳು ಎದೆಯಲ್ಲಿ ಕೂತು ಅದ್ಯಾವಾಗ ಮನೆ ಮಾಡಿಕೊಂಡಿತೋ, ಹೋದ ವರ್ಷ ನ್ಯುಮೋನಿಯಾ ಬಂದು ಹದಿನೇಳು ದಿನ ಆಸ್ಪತ್ರೆಯಲ್ಲಿ ಮಲಗಿಸಿತು. ಮನೆಗೆ ಬಂದಮೇಲೂ ಉಸಿರೆಳೆದಾಗಲೆಲ್ಲ ಎದೆಯೊಳಗೆ ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ಸದ್ದಾಗುತ್ತಿತ್ತು. ಅದನ್ನು ಕೇಳುತ್ತ ಮುಳ್ಳಣ್ಣ ಕುಸಿದುಹೋದ. ಅಂಗಡಿಗೆ ಹೋದರೂ ಕಿವಿಯಲ್ಲಿ ಅದೇ ಸದ್ದು. ಕೈ ನಡುಗಲು ಶುರುವಾಯಿತು. ಮುದುಕರೊಬ್ಬರು ತಮ್ಮ ತಂದೆಯ ಕಾಲದ ವಾಚು ತಂದುಕೊಟ್ಟಿದ್ದರು. ಅದರ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ತಿರುಚಿಹಾಕಿದ. ಮಾರನೆಯ ದಿನದಿಂದ ಅಂಗಡಿ ಬಾಗಿಲು ಎತ್ತಲಿಲ್ಲ. ನಲವತ್ತು ದಿನ ಹೆಂಡತಿಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಗಡ್ಡ ಬಂತು, ಮಾತು ಹೋಯಿತು. ರೋಗಿ ಯಾರು ಅಂತ ನೋಡಲು ಬಂದವರಿಗೆ ಗೊತ್ತಾಗದ ಸ್ಥಿತಿ.

ಆಮೇಲೆ ಒಂದು ದಿನ ಹೆಂಡತಿ ಎದ್ದು ಕೂತು, ತನಗೆ ವಾಸಿಯಾಯಿತು, ಸದ್ದು ನಿಂತಿತು, ಇನ್ನು ಅಂಗಡಿಗೆ ಹೊರಡಿ ಅಂದಳು. ನಿಮ್ಮ ಗೊರಕೆಯಿಂದ ನನಗೆ ನಿದ್ದೆಯಿಲ್ಲ, ರಾತ್ರಿ ಹೊರಗಿನ ಕೋಣೆಯಲ್ಲಿ ಮಲಗಿ ಅಂತಲೂ ಅಂದಳು. ಮುಳ್ಳಣ್ಣ ಕಿವಿಗೊಟ್ಟು ಕೇಳಿದ. ಹೌದು, ಮೊದಲಿನ ಸದ್ದು ಇರಲಿಲ್ಲ. ಅವಳು ಮಾತಾಡುವಾಗ ಪಾತ್ರೆಯ ಸದ್ದು, ಸುಮ್ಮನಿರುವಾಗ ರೇಡಿಯೋ ಸದ್ದು, ರಾತ್ರಿ ಮುಚ್ಚಿದ ಬಾಗಿಲು, ಒಳಗೆ ಫ್ಯಾನು. ಅವನು ಗಡ್ಡ ಬೋಳಿಸಿಕೊಂಡು ಅಂಗಡಿಗೆ ಹೋದ. ಕೈ ಮೊದಲಿನಂತಾಯಿತು.

ಆದರೆ ಒಂದೂ ಇಪ್ಪತ್ತು ಉಳಿದುಕೊಂಡಿತು. ಅವನು ಊಟಕ್ಕೆ ಬರುವ ಹೊತ್ತಿಗೆ ಅವಳು ಊಟ ಮುಗಿಸಿ, ಒಳಕೋಣೆಯ ಬಾಗಿಲನ್ನು ಗಾಳಿಗೆಂದು ಅರ್ಧ ತೆರೆದು, ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಮುಳ್ಳಣ್ಣ ಚಪ್ಪಲಿ ಬಿಟ್ಟು, ಬೆಕ್ಕಿನ ಹೆಜ್ಜೆ ಇಟ್ಟು, ಆ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ. ಒಂದು ಉಸಿರು ಕೇಳಿಸಿದರೆ ಸಾಕು, ನಿರುಮ್ಮಳವಾಗಿ ಅಡುಗೆಮನೆಗೆ ಹೋಗಿ ತಟ್ಟೆ ಹಾಕಿಕೊಳ್ಳುತ್ತಿದ್ದ. ಒಂದು ದಿನ ಉಸಿರು ಕೇಳಿಸಲು ತಡವಾಯಿತು. ಕೈಗಡಿಯಾರ ನೋಡಿಕೊಂಡ. ಹನ್ನೊಂದು ಸೆಕೆಂಡು. ಮಾರನೆಯ ವಾರ ಹದಿನಾಲ್ಕು. ತಿಂಗಳು ಕಳೆಯುವುದರೊಳಗೆ ಹದಿನೇಳು. ಹೆಂಡತಿಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತಿದೆ, ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ನಿಲ್ಲುತ್ತಿದೆ. ಸೆಕೆಂಡಿನ ವಿಷಯದಲ್ಲಿ ತಪ್ಪುವ ಮನುಷ್ಯ ಅವನಲ್ಲ. ಯಾರಿಗೆ ಹೇಳುವುದು? ಅವಳಿಗೆ ಹೇಳಿದರೆ ಹೆದರಿಕೆಯಿಂದಲೇ ನಿದ್ದೆ ಬಿಟ್ಟಾಳು. ಒಬ್ಬನೇ ನುಂಗಿಕೊಂಡು ಓಡಾಡಿದ.

ಅಷ್ಟರಲ್ಲಿ ಒಂದು ದಿನ ದಾರಿಯಲ್ಲಿ ಆಸ್ಪತ್ರೆಯ ಹೊರಗೋಡೆಯ ಮೇಲೆ ಒಂದು ಕಾಗದ ಕಂಡಿತು. ಮೈಮೇಲೆ ಕಟ್ಟಿಕೊಳ್ಳುವ ಬೆಲ್ಟು. ಮನುಷ್ಯ ಹೇಗೆ ಉಸಿರಾಡುತ್ತಾನೆ, ಯಾವಾಗ ಕೂತ, ಯಾವಾಗ ನಡೆದ, ಯಾವಾಗ ಮೆಟ್ಟಿಲು ಹತ್ತಿದ, ಎಲ್ಲವನ್ನೂ ತಾನೇ ಗುರುತಿಸಿ ಬರೆದುಕೊಳ್ಳುತ್ತದಂತೆ. ಎದೆಯ ಕಾಯಿಲೆ ಇದ್ದವರು ಒಬ್ಬರು, ಅದೇ ಮನೆಯ ಆರೋಗ್ಯವಂತರು ಒಬ್ಬರು, ಒಂದು ವಾರ ಕಟ್ಟಿಕೊಂಡು ಬರಬೇಕು. ಮುಳ್ಳಣ್ಣನಿಗೆ ಅದನ್ನು ತನಗೋಸ್ಕರವೇ ಅಂಟಿಸಿದಂತಾಯಿತು. ಮನೆಗೆ ಬಂದು, ಅವರಿಗೆ ನನ್ನಂಥ ಗಟ್ಟಿ ಆಳು ಬೇಕಂತೆ, ಜೊತೆಗೆ ನೀನೂ ಬಾ ಅಂತ ಹೆಂಡತಿಯನ್ನು ಪುಸಲಾಯಿಸಿದ. ಗಟ್ಟಿ ಆಳನ್ನು ಅವಳು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, ಬಿಟ್ಟಿ ತಪಾಸಣೆ ಆಗುವುದಾದರೆ ಆಗಲಿ ಅಂತ ಹೊರಟಳು.

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಬೆಲ್ಟು ಕಟ್ಟುವ ಹುಡುಗಿ ಇದ್ದಳು. ಇಪ್ಪತ್ತೈದರ ಆಸುಪಾಸು, ಎಲ್ಲರನ್ನೂ ಸರ್, ಅಮ್ಮ ಅನ್ನುವವಳು. ಎದೆಗೆ ಅಗಲವಾದ ಎಲಾಸ್ಟಿಕ್ ಪಟ್ಟಿ, ಅದರ ಮೇಲೆ ಬೆಂಕಿಪೊಟ್ಟಣದಷ್ಟು ಡಬ್ಬಿ. ಡಬ್ಬಿಯಲ್ಲಿ ಗಂಟೆ ತೋರಿಸುವ ಸಣ್ಣ ಕಿಟಕಿ. ಎಡಗೈಗೆ ವಾಚಿನಂಥದೇ ಇನ್ನೊಂದು ಪಟ್ಟಿ. ಅದಕ್ಕೆ ಮುಖವೂ ಇಲ್ಲ, ಮುಳ್ಳೂ ಇಲ್ಲ. ಮೂವತ್ತನಾಲ್ಕು ವರ್ಷದ ಕಸುಬಿಗೆ ಇದೊಂದು ಅವಮಾನ ಬಾಕಿ ಇತ್ತು ಅಂತ ಗೊಣಗಿ ಮುಳ್ಳಣ್ಣ ತನ್ನ ವಾಚನ್ನು ಬಲಗೈಗೆ ಹಾಕಿಕೊಂಡ. ಸ್ನಾನಕ್ಕೆ ಮಾತ್ರ ಬಿಚ್ಚಬೇಕು, ಏನೇ ತೊಂದರೆಯಾದರೂ ಫೋನ್ ಮಾಡಬೇಕು, ಡಬ್ಬಿಯನ್ನು ಖಂಡಿತ ತೆರೆಯಬಾರದು ಅಂತ ಹುಡುಗಿ ಎರಡೆರಡು ಸಲ ಹೇಳಿದಳು.

ಮೊದಲನೆಯ ದಿನ ಸಂಜೆಯೇ, ಅಂಗಡಿಯಲ್ಲಿ, ಮುಳ್ಳಣ್ಣನ ಎದೆಯ ಡಬ್ಬಿ ಕೀಂ ಕೀಂ ಅಂದು ಕಿಟಕಿ ಕಪ್ಪಾಯಿತು. ಸೆಲ್ಲು ಮುಗಿದಿದೆ, ಅದನ್ನು ತಿಳಿಯಲು ಅವನಿಗೆ ಯಾವ ಫೋನೂ ಬೇಕಿರಲಿಲ್ಲ. ಡಬ್ಬಿಗೆ ನಾಲ್ಕು ಪುಟ್ಟ ಸ್ಕ್ರೂ. ಅಡುಗೆಯವರ ಮುಂದೆ ಮುಚ್ಚಿದ ಪಾತ್ರೆ ಇಟ್ಟು ತೆಗೆಯಬೇಡಿ ಅಂದರೆ ಆಗುತ್ತದೆಯೇ? ಬಿಚ್ಚಿದ. ತನ್ನ ಡ್ರಾಯರಿನಲ್ಲಿದ್ದ ಅದೇ ಅಳತೆಯ ಗುಂಡು ಸೆಲ್ಲು ಹಾಕಿದ. ಕಿಟಕಿಯಲ್ಲಿ ಸೊನ್ನೆಗಳು ಮಿನುಗಿದವು. ತನ್ನ ವಾಚು ನೋಡಿದ, ಏಳೂ ಹತ್ತು. ಗುಂಡಿ ಒತ್ತಿ ಒತ್ತಿ ಏಳೂ ಹತ್ತಕ್ಕೆ ತಂದು ನಿಲ್ಲಿಸಿದ, ಸೆಕೆಂಡೂ ಹೆಚ್ಚುಕಮ್ಮಿಯಾಗದ ಹಾಗೆ. ಡಬ್ಬಿ ಮತ್ತೆ ಕೆಲಸ ಶುರುಮಾಡಿತು. ಆಸ್ಪತ್ರೆಯವರಿಗೆ ಹೇಳುವುದು ಬೇಡ, ಸುಮ್ಮನೆ ಬೈಗುಳ ಯಾಕೆ ಅಂದುಕೊಂಡ.

ಆ ವಾರ ಒಂದೂ ಇಪ್ಪತ್ತು ಇನ್ನೂ ಕೆಟ್ಟದಾಯಿತು. ಹತ್ತೊಂಬತ್ತು ಸೆಕೆಂಡು, ಇಪ್ಪತ್ತೆರಡು, ಇಪ್ಪತ್ತಾರು. ಕೊನೆಯ ದಿನ ಮೂವತ್ತೊಂದು. ಮೂವತ್ತೊಂದನೆಯ ಸೆಕೆಂಡಿಗೆ ಒಳಗಿನಿಂದ ಒಂದು ಸಣ್ಣ ಉಸಿರು ಬಂದಾಗ ಮುಳ್ಳಣ್ಣ ಬೆವೆತುಹೋಗಿದ್ದ. ಆದರೂ ಮನಸ್ಸಿಗೆ ಒಂದು ಧೈರ್ಯವಿತ್ತು. ಬೆಲ್ಟು ಎಲ್ಲವನ್ನೂ ಬರೆದುಕೊಂಡಿದೆ, ಇನ್ನು ಡಾಕ್ಟರು ನೋಡಿಕೊಳ್ಳುತ್ತಾರೆ.

ಹತ್ತು ದಿನ ಬಿಟ್ಟು ಎರಡು ಕಾಗದ ಬಂದವು. ಹೆಂಡತಿಯದನ್ನು ಮೊದಲು ಓದಿದ. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತದ್ದು ಕಂಡುಬಂದಿಲ್ಲ ಅಂತ ಬರೆದಿತ್ತು. ಮುಳ್ಳಣ್ಣನಿಗೆ ನಂಬಿಕೆಯೇ ಬರಲಿಲ್ಲ, ಎರಡು ಸಲ ಓದಿದ. ಆಮೇಲೆ ತನ್ನದನ್ನು ತೆಗೆದ. ರಾತ್ರಿಯೊಂದಕ್ಕೆ ಸರಾಸರಿ ಇನ್ನೂರ ಹದಿನಾಲ್ಕು ಸಲ, ಬೋರಲು ಮಲಗಿದ ಸ್ಥಿತಿಯಲ್ಲಿ, ಉಸಿರು ಪೂರ್ತಿ ನಿಲ್ಲುತ್ತಿದೆ. ನಡುರಾತ್ರಿ ಒಂದು ಗಂಟೆಯ ನಂತರ ಎದ್ದು ನಡೆದು, ಮೆಟ್ಟಿಲು ಹತ್ತಿ, ಒಂದು ಕಡೆ ನಿಂತು, ನಿಂತಲ್ಲೇ ಉಸಿರು ನಿಲ್ಲಿಸಿದ್ದೂ ದಾಖಲಾಗಿದೆ. ಒಂಟಿಯಾಗಿ ಮಲಗಬಾರದು. ಎರಡು ವಾರದೊಳಗೆ ತಜ್ಞರನ್ನು ಕಾಣಬೇಕು.

ಮುಳ್ಳಣ್ಣ ತನ್ನದನ್ನೂ ಎರಡು ಸಲ ಓದಿದ. ಕಾಗದವನ್ನು ಮಡಿಸಲು ಹೋದರೆ ಮಡಿಕೆ ಸರಿಯಾಗಿ ಕೂರಲಿಲ್ಲ. ಹೆಂಡತಿ ಕೈಯಿಂದ ಕಿತ್ತುಕೊಂಡು ಓದಿದಳು. ಬಾಯಿಜೋರಿನ ಹೆಂಗಸು, ಆ ಹೊತ್ತು ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಾದದ್ದು ಕಂಡು ಅವನಿಗೆ ಇನ್ನಷ್ಟು ಗಾಬರಿಯಾಯಿತು. ನಡುರಾತ್ರಿ ತಾನು ಮೆಟ್ಟಿಲಿಳಿದು ಬೀದಿಯಲ್ಲಿ ತಿರುಗಿ ಬರುತ್ತೇನೆ, ತನಗೇ ಗೊತ್ತಿಲ್ಲ. ಯಂತ್ರ ಸುಳ್ಳು ಹೇಳುತ್ತದೆ ಅಂತ ಬೇರೆ ಯಾರಾದರೂ ವಾದಿಸಿಯಾರು. ಮುಳ್ಳಣ್ಣ ವಾದಿಸುವಂತಿರಲಿಲ್ಲ. ಮನುಷ್ಯರು ಸುಳ್ಳು ಹೇಳುತ್ತಾರೆ, ಗಡಿಯಾರ ಹೇಳುವುದಿಲ್ಲ ಅನ್ನುವ ನಂಬಿಕೆಯ ಮೇಲೆಯೇ ಅವನ ಬದುಕು ನಿಂತಿತ್ತು.

ಸುದ್ದಿ ಕೇಳಿ ಅವನ ಅಕ್ಕ ಬ್ಯಾಗು ಹಿಡಿದು ಬಂದಿಳಿದಳು. ಅವಳು ಎಪ್ಪತ್ತು ದಾಟಿದ ಗಟ್ಟಿಗಿತ್ತಿ. ಮುಂಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು. ತಮ್ಮನನ್ನು ಅಂಗಾತ ಮಲಗಿಸಿ, ಪಕ್ಕದಲ್ಲೇ ತನ್ನ ಹಾಸಿಗೆ ಬಿಡಿಸಿ, ಗೊರಕೆ ನಿಂತಾಗಲೆಲ್ಲ ತಿವಿದಳು. ಬೆಳಗಾಗುವ ಹೊತ್ತಿಗೆ ಅವನ ಪಕ್ಕೆಲುಬು ಹಣ್ಣಾಗಿರುತ್ತಿತ್ತು. ಇನ್ನೊಂದು ಕಡೆ ಹೆಂಡತಿ ಮಧ್ಯಾಹ್ನ ಮಲಗುವುದನ್ನೇ ಬಿಟ್ಟಳು. ನೀವು ಮೆಟ್ಟಿಲು ಹತ್ತಿ ಇಳಿದು ಮಾಡಬೇಡಿ, ಊಟ ನಾನೇ ಅಂಗಡಿಗೆ ತರುತ್ತೇನೆ ಅಂತ ಹಟ ಹಿಡಿದಳು. ಮೂವತ್ತೆಂಟು ಮೆಟ್ಟಿಲಿಳಿದು, ಊಟದ ಡಬ್ಬಿ ಹಿಡಿದು, ಹತ್ತು ನಿಮಿಷದ ದಾರಿ ನಡೆದು ಬರುತ್ತಿದ್ದಳು. ಬಂದವಳು ಅಂಗಡಿಯ ಹೊರಗೆ ಬೆನ್ನು ತಿರುಗಿಸಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಒಳಗೆ ಬಂದು ಮಾತಾಡುತ್ತಿದ್ದಳು. ಯಾಕೆ ಹಾಗೆ ನಿಲ್ಲುತ್ತಾಳೆ ಅಂತ ಮುಳ್ಳಣ್ಣ ಕೇಳಲಿಲ್ಲ. ಅವನಿಗೆ ತನ್ನ ಸಾವಿನ ಚಿಂತೆಗಿಂತ ಹೆಚ್ಚಾಗಿ ಇನ್ನೊಂದು ಚಿಂತೆ ಕೊರೆಯುತ್ತಿತ್ತು. ಒಂದೂ ಇಪ್ಪತ್ತಕ್ಕೆ ಆ ಬಾಗಿಲ ಹತ್ತಿರ ಈಗ ಯಾರೂ ನಿಲ್ಲುತ್ತಿಲ್ಲ.

ಎರಡನೆಯ ಸಲ ಆಸ್ಪತ್ರೆಗೆ ಹೋದಾಗ ಬೆಲ್ಟಿನ ಹುಡುಗಿ ಇಬ್ಬರನ್ನೂ ಕೂರಿಸಿ, ತಜ್ಞರು ಬರುವ ಮುಂಚೆ ಒಂದು ಉದ್ದನೆಯ ಕಾಗದವನ್ನು ಮೇಜಿನ ಮೇಲೆ ಹಾಸಿದಳು. ಮೇಲೆ ಗಂಟೆಗಳು, ಕೆಳಗೆ ಏರಿಳಿಯುವ ಗೆರೆ, ಗೆರೆಯ ಕೆಳಗೆ ಮಲಗಿದ್ದು, ಕೂತದ್ದು, ನಡೆದದ್ದು ಅಂತ ಪಟ್ಟಿ. ಕಾಗದ ನೋಡಿ ಅವಳಿಗೂ ಮುಖ ಸಪ್ಪಗಾಗಿತ್ತು. ಹಗಲು ಹತ್ತರಿಂದ ಐದರವರೆಗೆ ಚೆನ್ನಾಗಿ ನಿದ್ದೆ ಮಾಡುತ್ತೀರಲ್ಲ ಸರ್, ಆವಾಗ ಉಸಿರಿಗೆ ಏನೂ ತೊಂದರೆಯಿಲ್ಲ, ರಾತ್ರಿಯೇ ಹೀಗೆ ಅಂದಳು. ಹಗಲು ನಿದ್ದೆ ಮಾಡುವವನು ಅಂದದ್ದಕ್ಕೆ ಮುಳ್ಳಣ್ಣನಿಗೆ ಮೈ ಉರಿಯಿತು. ಕನ್ನಡಕ ಏರಿಸಿ ಕಾಗದದ ಮೇಲೆ ಬಗ್ಗಿದ. ನಡುರಾತ್ರಿ ಒಂದೂ ಐದಕ್ಕೆ ನಡಿಗೆ. ಒಂದೂ ಎಂಟಕ್ಕೆ ನಿಂತದ್ದು, ಎರಡು ನಿಮಿಷ. ಮತ್ತೆ ನಡಿಗೆ. ಒಂದೂ ಹದಿನೆಂಟಕ್ಕೆ ಮೆಟ್ಟಿಲು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ.

ಆ ಎರಡು ನಿಮಿಷದ ಮೇಲೆ ಅವನ ಬೆರಳು ನಿಂತಿತು. ಬ್ಯಾಂಕಿನ ಗಾಜು. ನಡುರಾತ್ರಿ ಬ್ಯಾಂಕಿಗೆ ಕಬ್ಬಿಣದ ಬಾಗಿಲು ಇಳಿಸಿರುತ್ತಾರೆ. ಅಲ್ಲಿ ನಿಂತು ತಾನು ಏನು ನೋಡುತ್ತಿದ್ದೆ? ಅಂಗಡಿ, ಕೀಂ ಕೀಂ, ನಾಲ್ಕು ಸ್ಕ್ರೂ, ಏಳೂ ಹತ್ತು. ಅವನ ಕೈ ಹಾಯ್ದ ಗಡಿಯಾರಗಳಲ್ಲೆಲ್ಲ ಇರುವುದು ಹನ್ನೆರಡೇ ಅಂಕಿ. ಹಗಲಿನ ಏಳಕ್ಕೂ ರಾತ್ರಿಯ ಏಳಕ್ಕೂ ಮುಳ್ಳು ಒಂದೇ ಜಾಗದಲ್ಲಿ ನಿಲ್ಲುತ್ತದೆ. ಈ ಡಬ್ಬಿ ಇಪ್ಪತ್ತನಾಲ್ಕು ಎಣಿಸುವ ಡಬ್ಬಿ. ಸಂಜೆಯ ಏಳೂ ಹತ್ತನ್ನು ಅದು ಬೆಳಗಿನದು ಅಂತ ತಿಳಿದು, ಅವನ ಹಗಲನ್ನೆಲ್ಲ ರಾತ್ರಿಯಾಗಿಸಿ ಬರೆದುಕೊಂಡು ಕೂತಿತ್ತು.

ಜೀವಮಾನದಲ್ಲಿ ಮೊದಲ ಸಲ ಒಂದು ಗಡಿಯಾರಕ್ಕೆ ಹೊತ್ತು ತಪ್ಪಾಗಿ ಕೂರಿಸಿದ್ದೆ ಅಂತ ಇಬ್ಬರು ಹೆಂಗಸರ ಮುಂದೆ ಒಪ್ಪಿಕೊಳ್ಳುವುದು ಅವನಿಗೆ ಸುಲಭವಾಗಿರಲಿಲ್ಲ. ಒಪ್ಪಿಕೊಂಡ. ಹುಡುಗಿ ಬಾಯಿ ತೆರೆದು ಕೂತುಬಿಟ್ಟಳು. ಆಮೇಲೆ ಕಂಪ್ಯೂಟರಿನಲ್ಲಿ ಅವನ ಗೆರೆಯನ್ನೆಲ್ಲ ಹನ್ನೆರಡು ಗಂಟೆ ಮುಂದಕ್ಕೆ ಸರಿಸಿದಳು. ರಾತ್ರಿಯ ಇನ್ನೂರ ಹದಿನಾಲ್ಕು ಹೋಗಿ ಹಗಲಿಗೆ ಬಂದು ಅಂಗಡಿಯ ಮೇಜಿನ ಮೇಲೆ ಬಿದ್ದವು. ಮಲಗಿದ್ದಲ್ಲ, ಮೇಜಿಗೆ ಎದೆಯೊತ್ತಿ ಕೂತದ್ದು. ಕಾಯಿಲೆಯಲ್ಲ, ಚಿಮುಟದ ತುದಿಯಲ್ಲಿ ಸ್ಪ್ರಿಂಗು. ನಿಜವಾದ ರಾತ್ರಿಯಲ್ಲಿ ಉಳಿದದ್ದು ಬರೀ ಗೊರಕೆ. ಹೆಂಡತಿ ಇಷ್ಟು ದಿನ ಕಟ್ಟಿಟ್ಟಿದ್ದ ಮಾತನ್ನೆಲ್ಲ ಒಟ್ಟಿಗೆ ಬಿಟ್ಟಳು. ಒಂದು ಡಬ್ಬಿ ಮುಟ್ಟಬೇಡಿ ಅಂದರೆ ಮುಟ್ಟುತ್ತೀರಿ, ನಿಮ್ಮಕ್ಕ ಹತ್ತು ದಿನದಿಂದ ನಿದ್ದೆಗೆಟ್ಟು ತಿವಿಯುತ್ತಿದ್ದಾರೆ, ನಿಮ್ಮ ಕೈಗೆ ಇನ್ನು ಮೇಲೆ ಗೋಡೆ ಗಡಿಯಾರವನ್ನೂ ಕೊಡಬಾರದು. ಬೈಯುತ್ತ ಬೈಯುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಳ್ಳಣ್ಣ ಅಷ್ಟೂ ಬೈಗುಳವನ್ನು ಖುಷಿಯಿಂದ ಕೇಳಿದ.

ಅದು ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಆ ಕಂಪ್ಯೂಟರು ಒಂದು ಮನೆಯ ಇಬ್ಬರ ಗೆರೆಗಳನ್ನು ಒಂದರ ಕೆಳಗೊಂದು ತೋರಿಸುವಂಥದ್ದು. ಇಷ್ಟು ದಿನ ಗಂಡನ ಹಗಲು ರಾತ್ರಿಯಲ್ಲಿತ್ತು, ಹಾಗಾಗಿ ಒಂದಕ್ಕೊಂದು ತಾಳೆಯಾಗಿರಲಿಲ್ಲ. ಈಗ ಸರಿಯಾಗಿ ಕೂತವು. ಹುಡುಗಿ ಸುಮ್ಮನೆ ನೋಡುತ್ತಿದ್ದವಳು ಹತ್ತಿರಕ್ಕೆ ಬಗ್ಗಿ, ಒಂದು ಕಡೆ ಬೆರಳಿಟ್ಟಳು.

ಮಧ್ಯಾಹ್ನ ಒಂದೂ ಇಪ್ಪತ್ತು. ಮೇಲಿನ ಗೆರೆ ಗಂಡನದು, ನಿಂತಿದ್ದಾನೆ, ಉಸಿರು ನಿಂತಿದೆ. ಕೆಳಗಿನದು ಹೆಂಡತಿಯದು, ಮಲಗಿದ್ದಾಳೆ, ಉಸಿರು ನಿಂತಿದೆ. ಎರಡೂ ಗೆರೆ ಹಲಗೆಯ ಹಾಗೆ ಸಪಾಟು. ಮೊದಲು ಹೆಂಡತಿಯದು ಅಲ್ಲಾಡುತ್ತದೆ, ಅದಾದ ಕೂಡಲೇ ಗಂಡನದು. ಮಾರನೆಯ ದಿನ ಮತ್ತೆ ಅದೇ ಹೊತ್ತಿಗೆ, ಇನ್ನೂ ಉದ್ದ. ಕೊನೆಯ ದಿನ ಮೂವತ್ತೊಂದು ಸೆಕೆಂಡು, ಇಬ್ಬರದೂ.

"ಅಮ್ಮ, ಇಲ್ಲಿ ನಿಮಗೆ ಎಚ್ಚರ ಇದೆ. ಎದೆ ಬಡಿತ ಜೋರಾಗಿದೆ, ನಿದ್ದೆಯಲ್ಲಿ ಹೀಗಿರಲ್ಲ. ಇಬ್ಬರೂ ಸೇರಿ ಏನಾದ್ರೂ ವ್ಯಾಯಾಮ ಮಾಡ್ತಿದ್ರಾ?" ಅಂದಳು ಹುಡುಗಿ.

ಮುಳ್ಳಣ್ಣ ಆ ಎರಡು ಸಪಾಟು ಗೆರೆಗಳನ್ನು ನೋಡುತ್ತಲೇ ಇದ್ದ. ತನ್ನದೂ ನಿಂತಿತ್ತು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಕೇಳಲು ನಿಂತಾಗ ಕಸುಬಿನ ಅಭ್ಯಾಸ ತಾನಾಗಿ ಬಂದು ಉಸಿರನ್ನು ಕಟ್ಟಿತ್ತು. ಆದರೆ ಅವಳದು? ಎಚ್ಚರವಿದ್ದೂ?

ಹೆಂಡತಿಯೇ ಮೊದಲು ಕೇಳಿದಳು. "ದಿನಾ ಬಾಗಿಲ ಹತ್ರ ಅಷ್ಟು ಹೊತ್ತು ಯಾಕೆ ನಿಲ್ತಿದ್ರಿ?"

"ನಿನ್ನ ಉಸಿರು ಕೇಳಿಸ್ಲಿ ಅಂತ."

ಅವಳು ಅವನ ಮುಖವನ್ನೇ ನೋಡಿದಳು. "ನಾನು ಹಿಡ್ಕೊಂಡಿದ್ದೇ ಅದು ನಿಮಗೆ ಕೇಳಿಸಬಾರದು ಅಂತ," ಅಂದಳು.

ಆಮೇಲೆ ತಡೆದು ತಡೆದು ಎಲ್ಲವೂ ಹೊರಬಂತು. ಎದೆಯ ಸದ್ದು ಯಾವತ್ತೂ ನಿಂತಿರಲಿಲ್ಲ. ಆ ಸದ್ದಿಗೇ ಗಂಡ ಅಂಗಡಿ ಮುಚ್ಚಿ, ಗಡ್ಡ ಬಿಟ್ಟು, ಕೈ ನಡುಗಿಸಿಕೊಂಡು ಕೂತದ್ದನ್ನು ನಲವತ್ತು ದಿನ ನೋಡಿದಮೇಲೆ, ಇನ್ನು ಇವರ ಕಿವಿಗೆ ಅದು ಬೀಳಬಾರದು ಅಂತ ತೀರ್ಮಾನಿಸಿದ್ದಳು. ರೇಡಿಯೋ ಅದಕ್ಕೆ, ಪಾತ್ರೆಯ ಸದ್ದು ಅದಕ್ಕೆ, ಗೊರಕೆಯ ನೆಪ ಅದಕ್ಕೆ. ಅಂಗಡಿಯ ಹೊರಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದುದೂ ಅದಕ್ಕೆ. ಮಧ್ಯಾಹ್ನ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸಿದ ಕೂಡಲೇ ಗೋಡೆ ಕಡೆ ತಿರುಗಿ, ಅವನು ಚಪ್ಪಲಿ ಬಿಟ್ಟ ಸದ್ದಾದಾಗ ಉಸಿರು ಬಿಗಿಹಿಡಿಯುತ್ತಿದ್ದಳು, ಅವನು ಬಾಗಿಲು ದಾಟಿ ಅಡುಗೆಮನೆಗೆ ಹೋಗುವವರೆಗೆ. ಮೊದಮೊದಲು ಅವನು ಬೇಗ ಹೋಗುತ್ತಿದ್ದ. ಆಮೇಲಾಮೇಲೆ ನಿಂತೇ ಇರತೊಡಗಿದ. ಅವನು ಹೆಚ್ಚು ನಿಂತಷ್ಟೂ ಇವಳು ಹೆಚ್ಚು ಹಿಡಿದಳು. ಕೊನೆಯ ದಿನ ಕಣ್ಣು ಕತ್ತಲೆಗಟ್ಟಿ, ಗೋಡೆ ತಿರುಗಿದಂತಾಗಿ, ಇನ್ನಾಗುವುದಿಲ್ಲ ಅಂತ ಬಿಟ್ಟಿದ್ದಳು.

ಮುಳ್ಳಣ್ಣನಿಗೆ ಆ ದಿನ ನೆನಪಿತ್ತು. ಆ ಉಸಿರು ಕೇಳಿಸಿದ ಕೂಡಲೇ ಸಮಾಧಾನವಾಗಿ ಹೋಗಿ ಊಟಕ್ಕೆ ಕೂತಿದ್ದ, ಎರಡನೆಯ ಸಲ ಬಡಿಸಿಕೊಂಡಿದ್ದ. ಅವನು ಅಲ್ಲಿಂದ ಹೊರಟಿದ್ದರೆ ಅವಳು ಉಸಿರಾಡುತ್ತಿದ್ದಳು. ತಿಂಗಳುಗಟ್ಟಲೆ ತಾನು ಕೈಗಡಿಯಾರ ಹಿಡಿದು ಎಣಿಸಿದ ಕಾಯಿಲೆಯ ಒಂದೊಂದು ಸೆಕೆಂಡೂ ತಾನೇ ಅವಳ ಎದೆಯಿಂದ ಹಿಂಡಿ ತೆಗೆದದ್ದು. ಅದು ಅವನ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋದಮೇಲೆ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

ಅಷ್ಟರಲ್ಲಿ ತಜ್ಞರು ಬಂದರು. ಗಂಡನ ಕಾಗದವನ್ನು ಪಕ್ಕಕ್ಕೆ ತಳ್ಳಿ, ಹೆಂಡತಿಯ ಎದೆಗೆ ಕಿವಿಕೊಳವೆ ಇಟ್ಟು ತುಂಬ ಹೊತ್ತು ಕೇಳಿದರು. ಇಂಥ ಎದೆ ಇಟ್ಟುಕೊಂಡು ಒಂದು ವರ್ಷದಿಂದ ಔಷಧಿಯಿಲ್ಲದೆ, ಬಾಯಿಬಿಡದೆ ಇದ್ದೀರಲ್ಲ ಅಂತ ಬೈದರು. ಉಸಿರಿನ ಜೊತೆ ಬಾಯಿಂದ ಎಳೆದುಕೊಳ್ಳುವ ಔಷಧಿ ಬರೆದರು. ವಾಸಿಯಾಗುವುದಲ್ಲ, ಆದರೆ ಸರಿಯಾಗಿ ತೆಗೆದುಕೊಂಡರೆ ಬಹಳ ಕಾಲ ಬಾಳಬಹುದು ಅಂದರು. ಇನ್ನೊಂದು ಸಲ ಉಸಿರು ಹಿಡಿದರೆ ತಾನು ಜವಾಬ್ದಾರನಲ್ಲ ಅಂತಲೂ ಹೇಳಿ ಎದ್ದುಹೋದರು.

ಔಷಧಿ ಕೊಂಡು ಇಬ್ಬರೂ ಮನೆಯ ದಾರಿ ಹಿಡಿದರು. ಬ್ಯಾಂಕಿನ ಮುಂದೆ ಮುಳ್ಳಣ್ಣ ನಿಲ್ಲಲಿಲ್ಲ. ಮನೆಯ ಕೆಳಗೆ ಬಂದು ಮೆಟ್ಟಿಲು ಹತ್ತಲು ಶುರುಮಾಡಿದರು, ಅವಳು ಮುಂದೆ, ಅವನು ಹಿಂದೆ. ಹತ್ತು ಮೆಟ್ಟಿಲಾಯಿತು. ಹದಿನೈದಾಯಿತು. ತಿರುವಿನಲ್ಲಿ ಅವಳು ಕಂಬಿ ಹಿಡಿದು ನಿಂತಳು. ಈ ಸಲ ಬೆನ್ನು ತಿರುಗಿಸಲಿಲ್ಲ. ಅವನ ಕಡೆಗೇ ಮುಖ ಮಾಡಿ, ಬಾಯಿ ತೆರೆದು, ಬರುವ ಉಸಿರನ್ನೆಲ್ಲ ಬಂದ ಹಾಗೆಯೇ ಬಿಟ್ಟಳು.

ಒಂದು ವರ್ಷದ ನಂತರ ಮುಳ್ಳಣ್ಣ ಆ ಸದ್ದು ಕೇಳಿದ. ಅವನು ನೆನಪಿಟ್ಟುಕೊಂಡದ್ದಕ್ಕಿಂತ ಎಷ್ಟೋ ಪಾಲು ಕೆಟ್ಟದಾಗಿತ್ತು. ಒಳಗೆ ಏನೋ ಹರಿದ ಹಾಗೆ, ಎಳೆದ ಹಾಗೆ, ಸಿಕ್ಕಿಕೊಂಡು ಬಿಟ್ಟ ಹಾಗೆ. ಇದನ್ನು ಇಟ್ಟುಕೊಂಡು ಇವಳು ಅಡುಗೆ ಮಾಡಿದ್ದಳು, ಬೈದಿದ್ದಳು, ಡಬ್ಬಿ ಹೊತ್ತು ಅಂಗಡಿಗೆ ಬಂದಿದ್ದಳು. ಅವನು ಎರಡು ಮೆಟ್ಟಿಲು ಕೆಳಗೆ ನಿಂತು ಕೇಳುತ್ತಲೇ ಇದ್ದ. ಕೈಗಡಿಯಾರ ನೋಡಿಕೊಳ್ಳಲಿಲ್ಲ.

"ಕೇಳಿಸ್ತಾ?" ಅಂದಳು ಅವಳು.

ಅವನು ತಲೆಯಾಡಿಸಿದ.

"ಹಾಗಾದ್ರೆ ಇನ್ನು ನೀವೂ ಬಿಡಿ."

ಆಗಲೇ ಮುಳ್ಳಣ್ಣನಿಗೆ ಗೊತ್ತಾದದ್ದು, ಅವಳು ನಿಂತಾಗಿನಿಂದ ತಾನು ಉಸಿರಾಡಿಯೇ ಇಲ್ಲ ಅಂತ.